ಎಡಕ್ಕೆ ವಾಲಿದ ಮಾದಪ್ಪ

ಮಾದಪ್ಪ ಎರಡನೇ ಸಲವೂ ಎಡಕ್ಕೇ ಕೊಟ್ಟ.

ತಮ್ಮಡಿ ನೀಲಕಂಠಸ್ವಾಮಿಗಳು, ಅಂದರೆ ನಮ್ಮೂರ ಗುಡಿಯ ಪೂಜಾರಿಗಳು, ನೀರೆರೆದು ತೊಳೆದ ಕರಿಕಲ್ಲಿನ ನೆತ್ತಿಯ ಮೇಲೆ ಒಂದೇ ಒಂದು ಬಿಳಿ ಕಣಗಿಲೆ ಹೂ ಇಟ್ಟು ಕೈ ಹಿಂದಕ್ಕೆ ತೆಗೆದುಕೊಂಡಿದ್ದರು. ನಾನು ಹೊಸ್ತಿಲಾಚೆ ಅಜ್ಜಿಯ ತೋಳು ಹಿಡಿದು ನಿಂತಿದ್ದೆ.

"ಕಣ್ಣು ಕುಯ್ಸ್ಕಬೋದಾ ನನ್ನಪ್ಪ? ಆಗ್ಲಿ ಅನ್ನಂಗಿದ್ರೆ ಬಲಕ್ಕೆ ಕೊಡು," ಎಂದು ಅಜ್ಜಿ ಗಟ್ಟಿಯಾಗಿಯೇ ಕೇಳಿದಳು. ದೇವರ ಹತ್ತಿರ ಪಿಸುಗುಟ್ಟುವ ಅಭ್ಯಾಸ ಅವಳಿಗಿಲ್ಲ.

ಹೂವು ಒಂದು ಗಳಿಗೆ ನಿಂತಿತು. ಅಡಿಯಲ್ಲಿದ್ದ ನೀರು ಸರಿದಂತೆ ಅದೂ ಮೆಲ್ಲಗೆ ಸರಿಯಿತು. ಆಮೇಲೆ ಎಡಗಡೆಯಿಂದ ಉರುಳಿ ಹೊಸ ಗ್ರಾನೈಟಿನ ಮೇಲೆ ಬಿತ್ತು.

"ಎತ್ತಗ್ ಬಿತ್ತು ಕೂಸೆ?"

"ಎಡಕ್ಕೆ ಅಜ್ಜಿ."

"ಸರಿ ಬುಡು. ಬ್ಯಾಡ ಅಂತಾನೆ. ನಡಿ, ಸಾರಿಗಿಕ್ಬೇಕು."

ನಮ್ಮೂರು ಬೆಟ್ಟದಪುರದ ಪಕ್ಕದ್ದು. ಸಂಜೆ ಬೆಟ್ಟದ ನೆರಳು ಬಂದು ಮುಟ್ಟುವಷ್ಟು ಹತ್ತಿರ. ಇಲ್ಲಿ ಮದುವೆಯಾಗಲಿ, ಬೋರ್‌ವೆಲ್ಲಾಗಲಿ, ಹಸು ಕೊಳ್ಳುವುದಾಗಲಿ, ಮಾದಪ್ಪನ ಹೂ ಕೇಳದೆ ನಡೆಯುವುದಿಲ್ಲ. ಬಲಕ್ಕೆ ಬಿದ್ದರೆ ಆಗಲಿ ಎಂದು, ಎಡಕ್ಕೆ ಬಿದ್ದರೆ ಬೇಡ ಎಂದು. ಬಲ ಎಡ ಎರಡೂ ಅವನವು, ಎದುರು ನಿಂತ ನಮ್ಮವಲ್ಲ.

ಅಜ್ಜಿ ಕೇಳುತ್ತಿದ್ದುದು ತನ್ನ ಕಣ್ಣಿನ ಪೊರೆಯ ವಿಷಯ. ಪಿರಿಯಾಪಟ್ಟಣದ ಕಣ್ಣಿನ ಶಿಬಿರಕ್ಕೆ ನಾನೇ ಕರೆದುಕೊಂಡು ಹೋಗಿದ್ದೆ. ಡಾಕ್ಟರಮ್ಮ ಟಾರ್ಚು ಬಿಟ್ಟು ನೋಡಿ, "ಎರಡೂ ಕಣ್ಣಲ್ಲಿ ಪೊರೆ ಚೆನ್ನಾಗಿ ಬಲಿತಿದೆ. ಇನ್ನೂ ತಡ ಮಾಡಿದರೆ ಆಪರೇಷನ್ನೇ ಕಷ್ಟ. ಸೋಮವಾರ ನಿಮ್ಮೂರ ಮೇಲೆ ವ್ಯಾನ್ ಬರುತ್ತೆ, ಮೈಸೂರಿಗೆ ಹತ್ತಿಸಿಬಿಡಿ," ಎಂದಿದ್ದರು. ಅಜ್ಜಿ ಅವರಿಗೆ ಕೈಮುಗಿದು, "ಮಾದಪ್ಪನ್ನ ಒಂದ್ ಮಾತು ಕೇಳ್ಬುಟ್ಟು ಯೋಳ್ತೀನಿ ಕಣ್ರವ್ವ," ಎಂದು ಬಂದಿದ್ದಳು.

ಅಜ್ಜಿ ನನ್ನ ಮುಖ ನೋಡಿ ತಿಂಗಳುಗಳೇ ಆಗಿತ್ತು. ನೋಡಿದಂತೆ ಮಾಡುತ್ತಿದ್ದಳು. ಗಲ್ಲ ಸವರಿ, "ಸೊರಗೋಗಿದ್ದೀಯ," ಅನ್ನುತ್ತಿದ್ದಳು. ಆದರೆ ಬಾಗಿಲಲ್ಲಿ ನಾನು ನಿಂತರೂ ಅವ್ವ ನಿಂತರೂ, "ಯಾರವ್ವ?" ಎಂದು ಕೇಳುತ್ತಿದ್ದಳು. ನನಗೆ ನಕ್ಷತ್ರ ತೋರಿಸಿದವಳು ಅವಳು. ಒಂದೊಂದು ನಕ್ಷತ್ರಕ್ಕೂ ಒಂದೊಂದು ಕಥೆ ಕಟ್ಟಿ, ಸಪ್ತರ್ಷಿಗಳ ಹಿಂದೆ ಹೊರಟ ಒಂದು ಕುಂಟು ಮೇಕೆಯನ್ನೂ ಆಕಾಶದಲ್ಲಿ ತೋರಿಸಿದ್ದಳು. ಮುಂದೆ ಮೈಸೂರಿಗೆ ಹೋಗಿ ಎಂ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದಾಗಲೂ ಆ ಮೇಕೆಯನ್ನು ನಾನು ಆಕಾಶದಿಂದ ಓಡಿಸಲಿಲ್ಲ. ಅಂಥ ಅಜ್ಜಿಗೆ ಈಗ ಆಕಾಶವೆಂದರೆ ಬಿಸಿಲು ಮತ್ತು ಬಿಸಿಲಿಲ್ಲದ್ದು, ಎರಡೇ.

ಗುಡಿಯಿಂದ ಹೊರಗೆ ಬಂದರೆ ಜಗಲಿಯ ಮೇಲೆ ಪಂಚಾಯಿತಿ ನಡೆದಿತ್ತು.

"ಏನಂದ ದೊಡ್ಡವ್ವ?" ಎಂದು ಕೇಳಿದಳು ಪಕ್ಕದ ಬೀದಿಯ ಪುಟ್ಟಸಿದ್ದಮ್ಮ.

"ಬ್ಯಾಡ ಅಂದ."

"ನಿಮ್ಗೂ ಅಂಗೇ ಅಂದ್ನಾ? ನನ್ ಮಗ್ಳ ಸಂಬಂಧಕ್ಕೂ ಅದೇ. ಉಡ್ಗ ಎಷ್ಟ್ ಚೆನ್ನಾಗವ್ನೆ, ಕೆ.ಆರ್. ನಗರದೋನು, ಸ್ವಂತ ಆಟೋ ಐತೆ. ಎಡಕ್ಕೆ ಕೊಟ್ಬುಟ್ಟ. ಮಾದಪ್ಪಂಗೆ ಗ್ರಾನೈಟು ಒಗ್ಗಿಲ್ಲ ಕಣ್ರೀ. ಮುನಿಸ್ಕಂಡವ್ನೆ."

"ನನ್ ಬೋರ್‌ವೆಲ್ ಲಾರಿ ಊರ ಬಾಗ್ಲವರ್ಗೂ ಬಂದಿತ್ತು, ವಾಪಸ್ ಕಳಿಸ್ದೆ," ಎಂದರು ಮಹದೇವಪ್ರಸಾದಣ್ಣ. ಊರಿನಲ್ಲಿ ಯಾವ ಮಾತಿಗೂ ಅವರದೊಂದು ಬೋರ್‌ವೆಲ್ ಇದ್ದೇ ಇರುತ್ತದೆ.

"ನಿನ್ ಬೋರ್‌ವೆಲ್ಗೆ ಭೂಮ್ತಾಯೇ ಬ್ಯಾಡ ಅಂದವ್ಳೆ. ಅದ್ರಾಗೆ ಮಾದಪ್ಪನ್ನ ಯಾಕ್ ಎಳೀತೀಯ?" ಅಂದಳು ಪುಟ್ಟಸಿದ್ದಮ್ಮ. ಜಗಲಿಯೆಲ್ಲ ನಕ್ಕಿತು, ಆದರೆ ಪೂರ್ತಿ ಮನಸ್ಸಿನಿಂದಲ್ಲ. ಗುಡಿಯ ನೆಲ ಹೊಸದು ಮಾಡಿ, ಮಾದಪ್ಪನನ್ನು ಎತ್ತಿ ಶಾಸ್ತ್ರೋಕ್ತವಾಗಿ ಮತ್ತೆ ಕೂರಿಸಿದ ಮೇಲೆ ಯಾರೊಬ್ಬರಿಗೂ ಬಲಗಡೆಯ ಹೂ ಸಿಕ್ಕಿರಲಿಲ್ಲ.

ಯಾರಿಗೂ ಸಿಕ್ಕಿಲ್ಲ ಎಂಬ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಕೋಪಿಸಿಕೊಂಡವನೂ ಒಮ್ಮೆಯಾದರೂ ಮರೆತು ನಗುತ್ತಾನೆ. ಇಷ್ಟು ಕಟ್ಟುನಿಟ್ಟಾಗಿ ಒಂದೇ ಕಡೆ ಬೀಳುವುದು ಮುನಿಸಿನ ಗುಣವಲ್ಲ. ಅದು ನಿಯಮದ ಗುಣ.

ಮರುದಿನ ಬೆಳಗಿನ ಪೂಜೆಗೆ ಹೋಗಿ ಹೊಸ್ತಿಲ ಬಳಿ ಕೂತು ಅಭಿಷೇಕದ ನೀರನ್ನೇ ನೋಡಿದೆ. ತಮ್ಮಡಿಗಳು ನೆತ್ತಿಯ ನಡುವಿಗೇ ತಂಬಿಗೆ ಬಗ್ಗಿಸುತ್ತಿದ್ದರು. ನೀರು ನಾಲ್ಕೂ ಕಡೆ ಇಳಿಯಬೇಕಿತ್ತು. ಎಡಗಡೆ ದಪ್ಪ ಜಡೆಯಂತೆ ಇಳಿಯಿತು. ಬಲಗಡೆ ಎರಡು ಎಳೆ ಕೂದಲಿನಂತೆ. ನನ್ನ ಎದೆ ಹೊಡೆದುಕೊಂಡಿತು. ಪ್ರಯೋಗಾಲಯದಲ್ಲಿ ಉತ್ತರ ಕಣ್ಣೆದುರಿಗೆ ಬಂದು ನಿಂತಾಗ ಹೊಡೆದುಕೊಳ್ಳುತ್ತದಲ್ಲ, ಹಾಗೆ.

ಮನೆಗೆ ಓಡಿ ಬಂದು ಅಣ್ಣನನ್ನು ಎಬ್ಬಿಸಿದೆ. ಅಣ್ಣನ ಹೆಸರು ಗೌರೀಶ್. ಹುಣಸೂರು, ಮೈಸೂರು ಕಡೆ ಟೈಲ್ಸ್ ಹಾಕುವ ಕೆಲಸದವನು. ಗುಡಿಯ ನೆಲವನ್ನು ಸೇವೆ ಎಂದು ಅವನೇ ಹಾಕಿದ್ದ.

"ಅಣ್ಣ, ನಿನ್ ರಸಮಟ್ಟ ತಗೊಂಡು ಬಾ."

"ಭಾನುವಾರ್ದಲ್ಲೂ ಮಲಗಕ್ಕೆ ಬುಡಲ್ವಲ್ಲ ಲೇ."

"ಇವತ್ತು ಶನಿವಾರ."

"ಅಂಗಾರೆ ಇನ್ನೂ ಮಲಗ್ಬೇಕು."

ಅಂತೂ ಬಂದ. ಸ್ನಾನ ಮಾಡಿ, ತಮ್ಮಡಿಗಳ ಅಪ್ಪಣೆ ಕೇಳಿ, ಕಲ್ಲಿನ ಪೀಠದ ಮೇಲೆ ರಸಮಟ್ಟ ಇಟ್ಟ. ಗಾಜಿನ ಕೊಳವೆಯೊಳಗಿನ ಗುಳ್ಳೆ ನಡುವಿನ ಗೆರೆಗಳನ್ನು ಬಿಟ್ಟು ದಕ್ಷಿಣಕ್ಕೆ ಸರಿದು ಕೂತಿತು. ಅಣ್ಣ ತಿರುಗಿಸಿ ಇಟ್ಟ. ಆಗಲೂ ದಕ್ಷಿಣಕ್ಕೇ. ಅವನ ಮುಖ ಬೆಳ್ಳಗಾಯಿತು.

"ಅಯ್ಯೋ ಪುಟ್ಟಿ. ಅಭಿಷೇಕದ ನೀರು ನಿಲ್ಬಾರ್ದು ಅಂತ ಉತ್ತರಕ್ಕೆ ವಾಟ ಕೊಟ್ಟಿದ್ದೆ ಕಣೆ. ಬಚ್ಚಲಿಗೆ ಇಳಿಜಾರು ಕೊಡಲ್ವಾ, ಅಂಗೆ. ಅದರ ಮೇಲೇ ಪೀಠ ಕೂರ್ಸಿದ್ರೆ ಅದೂ ವಾಲ್ತದೆ ಅಂತ ಹೊಳೀಲೇ ಇಲ್ವಲ್ಲ!"

ಪೂರ್ವಕ್ಕೆ ಮುಖ ಮಾಡಿ ಕೂತ ಮಾದಪ್ಪನಿಗೆ ಉತ್ತರವೆಂದರೆ ಎಡ. ಒಂದು ನೂಲಿನಷ್ಟು, ಕಣ್ಣಿಗೆ ಕಾಣದಷ್ಟು, ದೇವರು ಎಡಕ್ಕೆ ವಾಲಿದ್ದ. ಅಷ್ಟರಿಂದಲೇ ಊರಿನ ಮದುವೆ ನಿಂತಿತ್ತು, ಬೋರ್‌ವೆಲ್ ಲಾರಿ ವಾಪಸ್ಸಾಗಿತ್ತು, ನನ್ನ ಅಜ್ಜಿ ಕತ್ತಲಲ್ಲಿ ಕೂತಿದ್ದಳು.

"ಯಾರ್ಗೂ ಯೋಳ್ಬ್ಯಾಡ ಕಣೆ," ಎಂದ ಅಣ್ಣ. "ಬಚ್ಚಲಿನ ಲೆಕ್ಕದಾಗೆ ದೇವ್ರನ್ನ ಕೂರ್ಸ್ದ ಅಂತ ಊರೋರು ಸಾಯೋತಂಕ ಆಡ್ಕತಾರೆ."

ಆದರೆ ತಮ್ಮಡಿಗಳು ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದರು. ನೀಲಕಂಠಸ್ವಾಮಿಗಳಿಗೆ ಸಿಟ್ಟು ಬರುತ್ತದೆ ಅಂದುಕೊಂಡೆ. ಅವರು ಹೊಸ್ತಿಲ ಮೇಲೆ ಕೂತು ತಲೆ ಮೇಲೆ ಕೈ ಇಟ್ಟುಕೊಂಡರು.

"ಅಂದ್ರೆ ಮುನಿಸಲ್ವಾ? ನಾನೇನೋ ಮೈಲಿಗೆ ಮಾಡ್ಬುಟ್ಟಿದ್ದೀನಿ ಅಂತ ಸೋಮವಾರ ಸೋಮವಾರ ಉಪವಾಸ ಇದ್ನಲ್ಲಪ್ಪಾ! ಕಾಫಿನೂ ಬುಟ್ಟಿದ್ದೆ!"

"ಕಾಫಿ ಬಿಟ್ಟಿದ್ದು ಒಳ್ಳೇದೇ ಬುಡಿ ಸ್ವಾಮಿ," ಎಂದ ಅಣ್ಣ ಮೆತ್ತಗೆ.

ತಮ್ಮಡಿಗಳು ನನ್ನ ಕಡೆ ತಿರುಗಿ, "ಅಲ್ಲಮ್ಮ ಚೈತ್ರ, ವಾಲಿದ್ದಕ್ಕೆ ಹೂ ಎಡಕ್ಕೆ ಬಿತ್ತು ಅಂತೀಯ. ಒಪ್ಪಿದೆ. ವಾಲ್ಸಿದ್ದು ಯಾರು?" ಎಂದರು.

"ನಮ್ಮಣ್ಣ."

"ನಿಮ್ಮಣ್ಣನ ಕೈಲಿ ವಾಲ್ಸಿದ್ದು ಯಾರು?"

"ಸ್ವಾಮಿ, ಹಿಂಗೇ ಕೇಳ್ತಾ ಹೋದ್ರೆ ಸೋಮವಾರದ ವ್ಯಾನು ಹೊರಟು ಹೋಗುತ್ತೆ."

ತಮ್ಮಡಿಗಳು ನಕ್ಕುಬಿಟ್ಟರು. ನಾಳೆ ಮಧ್ಯಾಹ್ನ ಪೂಜೆ ಮುಗಿದ ಮೇಲೆ, ಕಳಶದ ನೀರು ಹಾಕಿ, ತಪ್ಪಾಯಿತೆಂದು ಕೇಳಿಕೊಂಡು ಪೀಠ ಸರಿಮಾಡುವುದೆಂದು ತೀರ್ಮಾನವಾಯಿತು. ಊರಿಗೆ ತಾವೇ ಹೇಳುವುದಾಗಿಯೂ, ಬಚ್ಚಲಿನ ಮಾತು ಎತ್ತದಿರುವುದಾಗಿಯೂ ಅಣ್ಣನಿಗೆ ಮಾತು ಕೊಟ್ಟರು.

ನಾನು ಹಾರುತ್ತಾ ಮನೆಗೆ ಬಂದೆ. ಎಲ್ಲ ಮುಗಿಯಿತು ಅಂದುಕೊಂಡಿದ್ದೆ. ಹಿತ್ತಲ ಬಾಗಿಲ ಬಿಸಿಲಲ್ಲಿ ಅಜ್ಜಿ ಕಾಲು ಚಾಚಿ ಕೂತು, ನೆನೆಹಾಕಿದ ಅವರೆಕಾಳು ಹಿತುಕುತ್ತಿದ್ದಳು. ಕಣ್ಣು ಬೇಡದ ಕೆಲಸ. ಎರಡು ಬೆರಳ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಚಂಗನೆ ಬಟ್ಟಲಿಗೆ ಹಾರುತ್ತಿತ್ತು. ಕೆಲವು ಬಟ್ಟಲ ಆಚೆಗೂ ಹಾರುತ್ತಿದ್ದವು.

"ಅಜ್ಜಿ, ಮಾದಪ್ಪ ನಿನಗೆ ಬೇಡ ಅಂದೇ ಇಲ್ಲ! ಕಲ್ಲು ವಾಲಿದೆ. ಯಾರು ಏನು ಕೇಳಿದ್ರೂ ಎಡಕ್ಕೇ ಬೀಳ್ತಿತ್ತು. ಅದು ದೇವರ ಮಾತಲ್ಲ, ಬರೀ ಇಳಿಜಾರು."

ಅಜ್ಜಿಯ ಕೈ ನಿಲ್ಲಲಿಲ್ಲ. "ಅಂಗಾ?"

"ಹೂಂ. ಅದಕ್ಕೇ ಸೋಮವಾರ ಹೊರಡು."

"ನೀನು ಮೈಸೂರ್ಗೆ ಓದಕ್ಕೆ ಓಗ್ತೀನಿ ಅಂತ ಅತ್ತಾಗ ನಿಮ್ಮಪ್ಪ ಬ್ಯಾಡ ಅಂದಿದ್ದ, ನೆನಪೈತಾ? ನಾನೇ ಓಗಿ ಹೂ ಕೇಳ್ದೆ. ಬಲಕ್ಕೆ ಕೊಟ್ಟ. ನಿಮ್ಮಪ್ಪ ಬಾಯ್ ಮುಚ್ಕಂಡ. ಅದೂ ಇಳಿಜಾರಾ?"

ಬಗ್ಗಿ, ಬಟ್ಟಲಾಚೆ ಬಿದ್ದಿದ್ದ ಎರಡು ಬೇಳೆ ಎತ್ತಿ ಹಾಕಿದೆ.

"ಆವತ್ತು ಕಲ್ಲು ನೆಟ್ಟಗಿತ್ತು ಅಜ್ಜಿ," ಎಂದೆ.

"ನೆಟ್ಟಗಿದ್ರೆ ಬಲಕ್ಕೆ ಯಾಕ್ ಬೀಳ್ಬೇಕಿತ್ತು?"

"ಹಾಗೇ. ಗಾಳಿ, ನೀರು, ಹೂವಿನ ದಳ. ಎಲ್ಲಿಗೆ ಬೇಕಾದ್ರೂ ಬೀಳಬಹುದಿತ್ತು."

"ಅಲ್ಲಾ ಕೂಸೆ, ಎಡಕ್ಕೆ ಬಿದ್ರೆ ಇಳಿಜಾರು ಅಂತೀಯ, ಬಲಕ್ಕೆ ಬಿದ್ರೆ ಗಾಳಿ ಅಂತೀಯ. ನನ್ ಮಾದಪ್ಪನ್ನ ಎಲ್ಲಿ ಕೂರಿಸ್ತೀಯ ಯೋಳು? ಅಟ್ಟದ ಮೇಲಾ?"

ಬೇಳೆಯೊಂದು ಹಾರಿ ನನ್ನ ಹಣೆಗೆ ತಾಗಿತು. ಅಜ್ಜಿ ಸದ್ದಿನಿಂದಲೇ ತಿಳಿದು ನಕ್ಕಳು. "ಕುತ್ಕೊ ಇಲ್ಲಿ. ಓದಿದೋಳು ನೀನು, ನಿಂಗೆ ಗೊತ್ತಿಲ್ದೇ ಇರೋ ಒಂದು ಕಥೆ ಯೋಳ್ತೀನಿ."

ಕೂತೆ. ಕಥೆ ಅಂದರೆ ನಾನು ಈಗಲೂ ಕೂತುಬಿಡುತ್ತೇನೆ.

"ಶಿವ ಲೋಕ ಮಾಡ್ದಾಗ ಎಲ್ಲಾ ನೆಟ್ಟಗೆ ಗೆರೆ ಎಳ್ದಂಗೆ ಮಾಡಿದ್ನಂತೆ. ಇಂಥಾ ದಿನ ಇಷ್ಟೇ ಮಳೆ. ಇಂಥಾ ಕಾಳಿಗೆ ಇಷ್ಟೇ ಎಲೆ. ಉಟ್ಟಿದ್ ಕರ ಎಲ್ಲಾ ಒಂದೇ ಬಣ್ಣ. ಮಕ್ಳೆಲ್ಲಾ ಒಂದೇ ಮುಖ. ಮಾಡ್ಬುಟ್ಟು, 'ನೋಡು ಎಂಗೈತೆ' ಅಂತ ಪಾರ್ವತಿನ ಕರ್ದ. ಅವ್ಳು ಒಂದ್ ಸುತ್ತು ಬಂದ್ಳು. 'ಚೆನ್ನಾಗೈತೆ, ಆದ್ರೆ ಇಲ್ಲಿ ಯಾರೂ ನಗ್ತಾನೇ ಇಲ್ವಲ್ಲ, ಯಾರೂ ಅಯ್ಯೋ ಅಂತ ಕೈನೂ ಮುಗೀತಿಲ್ವಲ್ಲ' ಅಂದ್ಳು. ಶಿವಂಗೆ ಬೇಜಾರಾಯ್ತು. ಆಗ ಅವ್ಳು ಒಗ್ಗರಣೆಗಿಟ್ಟಿದ್ದ ಸಾಸ್ವೆ ಡಬ್ಬಿಲಿ ಕೈ ಹಾಕಿ, ಒಂದ್ ಹಿಡಿ ತೆಗ್ದು ಲೋಕದ ಮೇಲೆ ಎರಚ್ಬುಟ್ಳು. ಅದು ಬಿದ್ ಬಿದ್ ಕಡೆ ಗೆರೆ ಒಂಚೂರು ಬಗ್ಗಿತು. ಒಂದ್ ಕರ ಮಚ್ಚೆ ಮಚ್ಚೆ ಆಯ್ತು. ಒಂದ್ ಕೂಸಿಗೆ ಗಲ್ಲದಾಗೆ ಗುಳಿ ಬಿತ್ತು. ಮಳೆ ಅತ್ತ ಇತ್ತ ಆಯ್ತು, ಜನ ಮೇಲಕ್ಕೆ ನೋಡಕ್ಕೆ ಕಲ್ತ್ರು. ಅವತ್ತಿಂದ ಗೆರೆ ಅವ್ನ್ದು, ಸಾಸ್ವೆ ಅವ್ಳ್ದು. ಯಾವ್ದು ದೇವ್ರು ಅಂತ ಕೇಳಿದ್ರೆ ಏನ್ ಯೋಳ್ತೀಯ? ಇಬ್ರುದೂ ಒಂದೇ ಮನೆ ಕಣವ್ವ."

ನನಗೆ ಎಂ.ಎಸ್ಸಿ.ಯಲ್ಲಿ ಒಂದು ದಿನ ಮೇಷ್ಟರು ಹೇಳಿದ ಪಾಠ ನೆನಪಾಯಿತು. ಒಂದು ಚಿಟಿಕೆ ವಿಕಿರಣ ವಸ್ತುವಿನಲ್ಲಿ ಯಾವ ಪರಮಾಣು ಈಗ ಒಡೆಯುತ್ತದೆ, ಯಾವುದು ಸಾವಿರ ವರ್ಷ ಕಾಯುತ್ತದೆ, ಯಾರೂ ಹೇಳಲಾರರು. ಅದಕ್ಕೆ ಕಾರಣವೇ ಇಲ್ಲ ಎಂದೂ ಹೇಳುತ್ತಾರೆ. ಆದರೆ ರಾಶಿಯಲ್ಲಿ ಅರ್ಧ ಯಾವಾಗ ಮುಗಿಯುತ್ತದೆಂದು ಮಾತ್ರ ತಪ್ಪದೆ ಹೇಳಬಹುದು. ಒಂದೊಂದೂ ಹುಚ್ಚು, ಎಲ್ಲ ಸೇರಿದರೆ ಶಿಸ್ತು. ಅವತ್ತು ಸಂಜೆ ಮಾನಸಗಂಗೋತ್ರಿಯ ಮರದ ಕೆಳಗೆ ಕೂತು, ಯಾರಿಗೆ ಎಂದು ಗೊತ್ತಿಲ್ಲದೆ, ಕೈಮುಗಿಯಬೇಕು ಅನ್ನಿಸಿತ್ತು. ಜೊತೆಯವರು ನಗುತ್ತಾರೆಂದು ಮುಗಿದಿರಲಿಲ್ಲ. ಅಷ್ಟು ದೊಡ್ಡ ವಿಷಯ ಇಲ್ಲಿ ಒಗ್ಗರಣೆ ಡಬ್ಬಿಯಿಂದ ಬಂದಿತ್ತು.

"ಕಥೆ ಚೆನ್ನಾಗಿದೆ ಅಜ್ಜಿ. ಆದ್ರೆ ಆಪರೇಷನ್?"

"ಕಲ್ಲು ನೆಟ್ಟಗೆ ನಿಲ್ಸಿ. ಸೋಮವಾರ ಹೊತ್ತಾರೆ ಇನ್ನೊಂದ್ ಸಲ ಕೇಳ್ತೀನಿ. ಅವಾಗ ಏನ್ ಯೋಳ್ತಾನೋ ಅದೇ. ಅದಾದ್ ಮ್ಯಾಲೆ ನೀನು ನನ್ ತಲೆ ತಿನ್ಬಾರ್ದು."

ಅಂದರೆ ಅಜ್ಜಿಗೆ ಕಣ್ಣು ಸಿಗುವುದು, ಬಿಡುವುದು ಈಗ ಅರ್ಧಕ್ಕರ್ಧ.

ಭಾನುವಾರ ಮಧ್ಯಾಹ್ನ ಪೂಜೆ ಮುಗಿದ ಮೇಲೆ ಗುಡಿಯಲ್ಲಿ ನಾನು, ಅಣ್ಣ, ತಮ್ಮಡಿಗಳು ಮೂವರೇ. ಪೀಠವನ್ನು ಮೆಲ್ಲಗೆ ಎತ್ತಿ, ಉತ್ತರದ ಅಂಚಿಗೆ ತಾಮ್ರದ ತೆಳು ತಗಡು ಕೊಟ್ಟು ಇಳಿಸಿದೆವು. ಗುಳ್ಳೆ ನಡುವಿಗೆ ಹತ್ತಿರ ಬಂತು. ಮತ್ತೊಂದು ತಗಡು ಕೊಟ್ಟೆವು. ಗೆರೆಗಳ ನಡುವೆ ಸರಿಯಾಗಿ ನಿಂತಿತು. ತಮ್ಮಡಿಗಳು ನೀರು ತರಲು ಬಾವಿಯ ಕಡೆ ಹೋದರು.

ಅಣ್ಣ ಇನ್ನೊಂದು ತಗಡು ಕೈಯಲ್ಲಿ ಹಿಡಿದು ನನ್ನ ಕಡೆ ನೋಡಿದ.

"ಪುಟ್ಟಿ, ಇನ್ನೊಂದ್ ಕೊಟ್ಬುಡ್ಲಾ? ಬಲಕ್ಕೆ ಒಂದೆಳೆ ಜಾಸ್ತಿ ಆಯ್ತದೆ. ಅಜ್ಜಿದು ಆದ್ಮೇಲೆ ತೆಗ್ದಾಕನ."

ಸುಳ್ಳು ಹೇಳಲಾರೆ, ನನಗೂ ಅದೇ ಬೇಕಿತ್ತು. ಕಾಗದದಷ್ಟು ತೆಳು ತಗಡು. ಅದರಿಂದ ಅಜ್ಜಿಗೆ ಆಕಾಶ ಸಿಗುತ್ತದೆ. ಯಾರಿಗೂ ನಷ್ಟವಿಲ್ಲ. ಪುಟ್ಟಸಿದ್ದಮ್ಮನ ಮಗಳಿಗೂ ಆಟೋದವನು ಸಿಕ್ಕಿಬಿಡುತ್ತಾನೆ.

"ಕೊಡು," ಎಂದೆ. ಅವನು ಬಗ್ಗಿದ.

ಆಗ ನನ್ನ ಕಣ್ಣು ಆ ಗುಳ್ಳೆಯ ಮೇಲೆ ಹೋಯಿತು. ಎಷ್ಟು ಚಿಕ್ಕದು, ಎಷ್ಟು ನಿಷ್ಠೆಯದು. ಬಚ್ಚಲಲ್ಲಿ ಇಟ್ಟರೂ ಅಷ್ಟೇ, ಗರ್ಭಗುಡಿಯಲ್ಲಿ ಇಟ್ಟರೂ ಅಷ್ಟೇ. ದೇವರ ನೆತ್ತಿಯ ಹೂವಿಗೂ ಅದು ರಿಯಾಯಿತಿ ಕೊಡಲಿಲ್ಲ, ನನ್ನ ಅಜ್ಜಿಯ ಕಣ್ಣಿಗೂ ಕೊಡಲಿಲ್ಲ. ಇಂಥ ನಿಯಮವನ್ನು ನಂಬಿಯಲ್ಲವೇ ನಾನು ಎರಡು ವರ್ಷ ಮನೆ ಬಿಟ್ಟು ಓದಿದ್ದು? ಮತ್ತೆ ಇನ್ನೊಂದು ಹೊಳೆಯಿತು. ತಗಡೇ ಬೇಕಿರಲಿಲ್ಲ. ಅಜ್ಜಿ ಪ್ರತಿ ಸಲವೂ 'ಎತ್ತಗ್ ಬಿತ್ತು' ಎಂದು ಕೇಳುವುದು ನನ್ನನ್ನೇ. ಎಡಕ್ಕೆ ಬಿದ್ದದ್ದನ್ನು ಬಲಕ್ಕೆ ಅಂದಿದ್ದರೆ ಮೊದಲ ದಿನವೇ ಮುಗಿಯುತ್ತಿತ್ತು. ಹಾಗೆ ಮಾಡುವ ಯೋಚನೆಯೇ ನನಗೆ ಬಂದಿರಲಿಲ್ಲ. ಈಗ ತಗಡು ಇಟ್ಟರೆ ಅದೇ ಸುಳ್ಳನ್ನು ಮಾದಪ್ಪನ ಬಾಯಿಂದ ಹೇಳಿಸಿದಂತೆ. ಅಜ್ಜಿಗೆ ಸದ್ಯಕ್ಕೆ ಇರುವ ಕಣ್ಣು ನಾನೊಬ್ಬಳೇ. ಆ ಕಣ್ಣಿಗೂ ಪೊರೆ ಬಂದರೆ?

"ಬೇಡ ಅಣ್ಣ. ತೆಗಿ."

"ನಾಳೆ ಎಡಕ್ಕೆ ಬಿದ್ರೆ ನೀನೇ ಅಳೋಳು."

"ಅಳ್ತೀನಿ ಬಿಡು."

ಅಣ್ಣ ತಗಡನ್ನು ಜೇಬಿಗೆ ಹಾಕಿಕೊಂಡ. ಗುಳ್ಳೆ ಗೆರೆಗಳ ನಡುವೆ ಒಂದಿಷ್ಟೂ ಅಲ್ಲಾಡದೆ ಕೂತಿತ್ತು. ತಮ್ಮಡಿಗಳು ಬಿಂದಿಗೆ ತಂದು ಇಳಿಸಿ, ನೆಟ್ಟಗೆ ಕೂತ ಮಾದಪ್ಪನನ್ನು ಒಂದು ಸಲ, ನಮ್ಮ ಮುಖಗಳನ್ನು ಒಂದು ಸಲ ನೋಡಿ, ಪೂಜೆಗೆ ತೊಡಗಿದರು.

ಸೋಮವಾರ ಬೆಳಿಗ್ಗೆ ಮಂಜು ಇನ್ನೂ ಬೆಟ್ಟದ ಸೊಂಟದಲ್ಲಿತ್ತು. ವ್ಯಾನು ಅರಳಿಕಟ್ಟೆಯ ಹತ್ತಿರ ಬಂದು ನಿಂತಿದೆಯೆಂದು ಅಣ್ಣ ಓಡಿ ಬಂದು ಹೇಳಿದ. ಅವ್ವ ಅಜ್ಜಿಯ ಒಂದು ಜೊತೆ ಸೀರೆಯನ್ನು ಚೀಲಕ್ಕೆ ತುಂಬಿ ಹಿಡಿದುಕೊಂಡಿದ್ದಳು. "ಬೇಕಾದ್ರೆ ಇರ್ಲಿ, ಬ್ಯಾಡ್ದಿದ್ರೆ ವಾಪಸ್ ಮಡಗ್ತೀನಿ," ಎಂದಳು, ಯಾರ ಮುಖವನ್ನೂ ನೋಡದೆ. ಗುಡಿಯ ಮುಂದೆ ಅರ್ಧ ಊರೇ ಸೇರಿತ್ತು. ಮಾದಪ್ಪನನ್ನು ಸರಿಯಾಗಿ ಕೂರಿಸಿದ್ದಾರೆ, ಇವತ್ತು ಮೊದಲ ಹೂ ಪುಟ್ಟಮಾದಮ್ಮನದು, ಅಂದರೆ ನಮ್ಮಜ್ಜಿಯದು, ಎಂದು ತಮ್ಮಡಿಗಳು ಸಾರಿಬಿಟ್ಟಿದ್ದರು.

"ದೊಡ್ಡವ್ವ, ಬಲಕ್ಕೆ ಕೊಟ್ರೆ ಮುಂದಿನ್ದು ನನ್ ಬೋರ್‌ವೆಲ್ಲು," ಎಂದು ಹಿಂದಿನಿಂದ ಮಹದೇವಪ್ರಸಾದಣ್ಣ ಕೂಗಿದರು.

"ನನ್ ಮಗ್ಳುದಾದ್ ಮ್ಯಾಲೆ," ಅಂದಳು ಪುಟ್ಟಸಿದ್ದಮ್ಮ.

ತಮ್ಮಡಿಗಳು ನೀರೆರೆದರು. ನಾಲ್ಕು ಕಡೆಯೂ ಒಂದೇ ಸಮ ಇಳಿಯಿತು. ನೆತ್ತಿಯ ಮೇಲೆ ಕಣಗಿಲೆ ಇಟ್ಟರು, ಕೈ ತೆಗೆದರು.

"ಕಣ್ಣು ಕುಯ್ಸ್ಕಬೋದಾ ನನ್ನಪ್ಪ?"

ಹೂವು ನಿಂತಿತು.

ದೀಪದ ಬೆಳಕಿನಲ್ಲಿ ದಳದ ಅಡಿಯ ನೀರಿನ ಪೊರೆ ಮಿನುಗುತ್ತಿತ್ತು. ತಲೆಮಾರುಗಳ ನೀರಿಗೆ ಸವೆದು ಚಪ್ಪಟೆಯಾದ ನೆತ್ತಿ. ಅದರ ಮೇಲೆ ಎತ್ತಲೂ ಹೋಗಲು ಕಾರಣವಿಲ್ಲದ ಒಂದು ಹೂವು. ನೀರು ಹನಿಹನಿಯಾಗಿ ಇಳಿದು ಮುಗಿಯಿತು. ಹೂವು ಕದಲಲಿಲ್ಲ.

"ಎತ್ತಗ್ ಬಿತ್ತು ಕೂಸೆ?"

ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ಅಣ್ಣ ನನಗೆ ಮಾತ್ರ ಕಾಣುವಂತೆ ಬಲಗೈ ಎತ್ತಿ ತೋರಿಸಿದ.

"ಬಿದ್ದಿಲ್ಲ ಅಜ್ಜಿ. ನೆತ್ತಿ ಮೇಲೇ ಕೂತಿದೆ."

"ಕುಂತೈತಾ?"

"ಹೂಂ. ಅತ್ತಲೂ ಇಲ್ಲ, ಇತ್ತಲೂ ಇಲ್ಲ."

ತಮ್ಮಡಿಗಳು, "ನಾನು ಪೂಜೆ ಕೈಗೆತ್ಕಂಡಾಗಿಂದ ಇಂಗ್ ಆಗಿದ್ದೇ ಇಲ್ಲ," ಎಂದರು. "ಕಾಯನ ಪುಟ್ಟಮಾದಮ್ಮ. ಮಾತಾಡ್ತಾನೆ."

ಕಾದೆವು. ಅರಳಿಕಟ್ಟೆಯಿಂದ ವ್ಯಾನಿನ ಹಾರನ್ ಕೇಳಿಸಿತು. ಯಾರೋ ಕೆಮ್ಮಿದರು, ಎಲ್ಲರೂ ಅವರನ್ನು ಸುಮ್ಮನಾಗಿಸಿದರು. ನನ್ನ ತಲೆಯಲ್ಲಿ ನೀರಿನ ಸೆಳೆತದ ಲೆಕ್ಕಗಳು ತಾವಾಗಿಯೇ ಓಡಿದವು. ಹೂ ಯಾಕೆ ನಿಂತಿದೆ ಎಂದು ಅಕ್ಷರ ತಪ್ಪದೆ ಬರೆದು ಕೊಡಬಲ್ಲೆ. ಆದರೆ ಲೆಕ್ಕ ಗೊತ್ತಿದ್ದರಿಂದ ಆ ಹೂವು ಒಂದಿಷ್ಟೂ ಚಿಕ್ಕದಾಗಲಿಲ್ಲ. ನಿಯಮ ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿದ ಜಾಗದಲ್ಲಿ, ತುಂಬಾ ಸಣ್ಣ ಜಾಗದಲ್ಲಿ, ಏನೋ ಒಂದು ನಮಗಾಗಿ ಖಾಲಿ ಬಿಟ್ಟಂತಿತ್ತು. ಯಾರು ಬಿಟ್ಟದ್ದು ಎಂದು ನನಗೆ ಗೊತ್ತಿಲ್ಲ. ಬಿಟ್ಟದ್ದು ಮಾತ್ರ ಕಣ್ಣೆದುರಿಗಿತ್ತು. ಮಾನಸಗಂಗೋತ್ರಿಯಲ್ಲಿ ಮುಗಿಯದೆ ಬಿಟ್ಟ ಕೈಯನ್ನು ಅಲ್ಲಿ ಮುಗಿದೆ.

ಅಜ್ಜಿ ಮೊದಲು ಮುಖ ಕೆಳಗೆ ಮಾಡಿದಳು. ಅತ್ತಳೇನೋ ಅಂದುಕೊಂಡೆ. ಅವಳ ಭುಜ ಅಲುಗುತ್ತಿತ್ತು. ನಗುತ್ತಿದ್ದಳು.

"ಆಹಾ ನನ್ನಪ್ಪ! ಬುದ್ಧಿವಂತ ಕಣಯ್ಯ ನೀನು. ಇಷ್ಟ್ ವರ್ಸ ಎಲ್ಲಾದನ್ನೂ ನಿನ್ ತಲೆ ಮ್ಯಾಲೇ ಮಡಗಿದ್ನಲ್ಲ ನಾನು. ಮಗ್ನ ಮದ್ವೆ, ಎಮ್ಮೆ ಯಾಪಾರ, ಕೂಸಿನ ಓದು, ಎಲ್ಲಾನೂ. ಇದೊಂದ್ನಾದ್ರೂ ನೀನೇ ಯೋಳೇ ಮುದುಕಿ ಅಂತಿದ್ದೀಯ."

"ಅಂಗಲ್ಲ ಪುಟ್ಟಮಾದಮ್ಮ, ಇನ್ನೊಂದ್ ಗಳಿಗೆ..." ಎಂದರು ತಮ್ಮಡಿಗಳು.

"ಇಲ್ಲ ಬುಡಿ. ನಂಗೆ ತಿಳೀತು." ಅಜ್ಜಿ ನನ್ನ ಕೈಯನ್ನು ಹುಡುಕಿ ಹಿಡಿದುಕೊಂಡಳು. ಉಗುರು ನಾಟುವಷ್ಟು ಬಿಗಿಯಾಗಿ ಹಿಡಿದಿದ್ದಳು. ಆಗಲೇ ನನಗೆ ಗೊತ್ತಾದದ್ದು, ಅಜ್ಜಿಗೆ ಕತ್ತರಿ ಎಂದರೆ ಭಯವಿತ್ತು. ಅದನ್ನು ಅವಳು ಯಾರಿಗೂ, ಬಹುಶಃ ಮಾದಪ್ಪನಿಗೂ, ಹೇಳಿರಲಿಲ್ಲ.

"ನೋವಾಯ್ತದಾ ಕೂಸೆ?"

"ಅರಿವಳಿಕೆ ಕೊಡ್ತಾರೆ ಅಜ್ಜಿ. ಆಮೇಲೆ ಒಂದೆರಡು ದಿನ ಚುಚ್ಚಿದಂಗಾಗುತ್ತೆ. ನಾನು ಜೊತೇಲೇ ಇರ್ತೀನಿ."

"ಚುಚ್ಚಲ್ಲ ಅಂತ ಸುಳ್ಳು ಯೋಳ್ಲಿಲ್ವಲ್ಲ, ಸದ್ಯ." ಆಮೇಲೆ ಗುಡಿಯ ಕಡೆಗೆ ಮುಖ ಮಾಡಿ, "ಬೀಳ್ದೆ ಕುಂತಿರೋ ಹೂವ ಊರೋರೆಲ್ಲಾ ನೋಡ್ತಾವ್ರೆ, ನಾನೊಬ್ಳು ಕಿವೀಲಿ ಕೇಳ್ತಾ ನಿಂತಿದ್ದೀನಿ. ಇದು ನ್ಯಾಯ್ವಾ? ಓಯ್ತೀನಿ. ಕಣ್ ಕುಯ್ಸ್ಕಂಡೇ ಬತ್ತೀನಿ," ಎಂದಳು.

ಅವ್ವ ಚೀಲವನ್ನು ಎದೆಗವಚಿಕೊಂಡು ಮುಂದೆ ನಡೆದಳು. ನಾನು ಅಜ್ಜಿಯನ್ನು ಹಿಡಿದು ಜನರ ನಡುವೆ ದಾರಿ ಮಾಡಿಕೊಂಡು ಅಂಗಳಕ್ಕಿಳಿಸಿದೆ. ಜನ ನಮ್ಮ ಜೊತೆ ಬರಲಿಲ್ಲ. ಎಲ್ಲರೂ ಕತ್ತು ಚಾಚಿ ಒಳಗೇ ನೋಡುತ್ತಿದ್ದರು.

ಬೇವಿನ ಮರ ದಾಟುವಷ್ಟರಲ್ಲಿ ಗುಡಿಯೊಳಗಿಂದ ಒಟ್ಟಿಗೆ ಕೂಗು ಕೇಳಿತು.

"ಬಿತ್ತು! ಬಿತ್ತು!"

ನನ್ನ ಕತ್ತು ತಾನಾಗಿ ತಿರುಗಲು ಹೋಯಿತು. ಅಜ್ಜಿ ನನ್ನ ತೋಳನ್ನು ಗಟ್ಟಿಯಾಗಿ ಅದುಮಿದಳು.

"ತಿರುಗ್ಬ್ಯಾಡ."

"ಎತ್ತ ಬಿತ್ತು ಅಂತ ಕೇಳೋದಾದ್ರೂ ಬೇಡ್ವಾ ಅಜ್ಜಿ?"

"ನನ್ ಮಾತು ಅವ್ನ್ ಮಾತು ಮುಗೀತು ಕಣವ್ವ. ಇನ್ ಮೇಲಿಂದು ಪುಟ್ಟಸಿದ್ದಮ್ಮಂದು, ಇಲ್ಲಾ ಆ ಬೋರ್‌ವೆಲ್ ಮಾದೇವನ್ದು. ಅವ್ರು ಕಿತ್ತಾಡ್ಕಳ್ಲಿ. ನಡಿ."

ಹಿಂದೆ ಪುಟ್ಟಸಿದ್ದಮ್ಮನ ದನಿ, ಮಹದೇವಪ್ರಸಾದಣ್ಣನ ದನಿ, ತಮ್ಮಡಿಗಳ ದನಿ ಎಲ್ಲ ಒಂದರ ಮೇಲೊಂದು ಬಿದ್ದು ಏನೂ ಬಿಡಿಸಿ ಕೇಳಿಸಲಿಲ್ಲ. ನಾವು ನಡೆದೆವು. ಅರಳಿಕಟ್ಟೆಯ ಹತ್ತಿರ ವ್ಯಾನಿನ ಬಾಗಿಲು ತೆರೆದಿತ್ತು. ಒಳಗೆ ಬೆಟ್ಟದಪುರದ ಮುದುಕರು ಆಗಲೇ ಕೂತು ಹಲ್ಲಿಲ್ಲದ ಬಾಯಲ್ಲಿ ಜೋರಾಗಿ ಹರಟುತ್ತಿದ್ದರು. ಮೆಟ್ಟಿಲು ಎತ್ತರವಿತ್ತು. ಅಜ್ಜಿ ಸೀರೆ ಎತ್ತಿ ಹಿಡಿದು, ಪಾದದಿಂದ ಗಾಳಿಯಲ್ಲಿ ತಡಕಿ, ಬಲಗಾಲು ಎಡಗಾಲು ಎಂದು ನೋಡದೆ ಮುಂದಿದ್ದ ಕಾಲಿಟ್ಟು ಹತ್ತಿಬಿಟ್ಟಳು.